ಮೂರು ಬಟನ್ ಎಲ್ಲಿ ಹೋದವು?

ಪ್ರಶ್ನೆ: ನಾನು ಸಾಗರದ ಕಡೆಯ ನಿವೃತ್ತ ಕನ್ನಡ ಶಿಕ್ಷಕಿ, ವಯಸ್ಸು 63. ಅಮ್ಮ ಹೇಳುತ್ತಿದ್ದ ಹಸೆ ಹಾಡುಗಳನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಡುತ್ತಿದ್ದೇನೆ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲವೆಂದು ಮಗ ಪುಣೆಯಿಂದ ಬಂದಾಗ ಡೆಬಿಯನ್ ಲಿನಕ್ಸ್ ಹಾಕಿಕೊಟ್ಟು ಹೋದ. ಈಗ ಯಾವ ವಿಂಡೋದಲ್ಲೂ ಮಿನಿಮೈಜ್, ಮ್ಯಾಕ್ಸಿಮೈಜ್ ಬಟನ್ ಇಲ್ಲ; ಮೂಲೆಯಲ್ಲಿ ಕ್ಲೋಸ್ ಮಾಡುವ ಗುರುತು ಮಾತ್ರ. ಮೊನ್ನೆ ಲಿಬ್ರೆ ಆಫೀಸ್ ರೈಟರ್‌ನಲ್ಲಿ ಟೈಪ್ ಮಾಡುವಾಗ ಅದೂ ಮಾಯವಾಯಿತು. ಮೆನು ಕೂಡ ಇಲ್ಲ, ಬರೀ ಬಿಳಿ ಹಾಳೆ. ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಎರಡು ಹಾಡು ಹೋದವು. ಮಗನನ್ನು ಕೇಳಿದರೆ "ಎಷ್ಟು ಸಲ ಹೇಳ್ಲಿ ಅಮ್ಮಾ" ಅನ್ನುತ್ತಾನೆ. ಮರೆವಿನ ಕಾಯಿಲೆ ಶುರುವಾಯಿತೇ ಎಂದು ಹೆದರಿ ರಾತ್ರಿ ನಿದ್ದೆ ಬರುತ್ತಿಲ್ಲ. ಮತ್ತೆ ವಿಂಡೋಸ್ ಹಾಕಿಸಲೇ?

ಉತ್ತರ: "ಎರಡು ಹಾಡು ಹೋದವು" ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಆ ಸಾಲು ದಾಟಲಾಗಲಿಲ್ಲ. ಅಮ್ಮನ ದನಿ ನೆನಪು ಮಾಡಿಕೊಂಡು ಸೊಲ್ಲು ಸೊಲ್ಲಾಗಿ ಜೋಡಿಸಿದ್ದು ಕಣ್ಣೆದುರೇ ಹೋದರೆ ಹೊಟ್ಟೆಯೊಳಗೆ ಕಲಸಿದಂತಾಗುತ್ತದೆ. ಅದರ ಮೇಲೆ ಮಗನ ಮಾತು. ಊರ ಮಕ್ಕಳಿಗೆಲ್ಲ ಪಾಠ ಹೇಳಿದವರಿಗೆ ಹೆತ್ತ ಮಗನ ಮುಂದೆ ದಡ್ಡ ವಿದ್ಯಾರ್ಥಿಯಂತೆ ನಿಲ್ಲಬೇಕಾದರೆ ಆಗುವ ಮುಜುಗರ ಸಣ್ಣದಲ್ಲ. ಇದು ನಿಮ್ಮೊಬ್ಬರ ಪಾಡೂ ಅಲ್ಲ. ಬ್ಯಾಂಕಿನ ಆ್ಯಪ್ ಮುಂದೆ ಇದೇ ಸಂಕಟ ಪಡುವ ಎಷ್ಟೋ ಮಂದಿ ಈ ಪುಟ ಓದುತ್ತಿದ್ದಾರೆ.

ಈಗ ಒಂದು ಸಮಾಧಾನದ ಸುದ್ದಿ. ಆ ಎರಡು ಬಟನ್ ನೀವು ಕಳೆದದ್ದಲ್ಲ, ಮೊದಲಿನಿಂದಲೇ ಅಲ್ಲಿರಲಿಲ್ಲ. ನಿಮ್ಮ ಪರದೆಯನ್ನು ನಡೆಸುತ್ತಿರುವುದು ಗ್ನೋಮ್ ಎಂಬ ವ್ಯವಸ್ಥೆ ಎಂದು ಪತ್ರದಲ್ಲಿರುವ ಲಕ್ಷಣಗಳೇ ಹೇಳುತ್ತಿವೆ. 2011ರಲ್ಲಿ ಗ್ನೋಮ್ 3 ತಂದವರು, ತೆರೆದ ವಿಂಡೋಗಳನ್ನು ಇಳಿಸಿಡಲು ಕೆಳಗೆ ಪಟ್ಟಿಯೇ ಇಲ್ಲದ ಮೇಲೆ ಇಳಿಸುವ ಬಟನ್ ಏಕೆ ಎಂದು ಅದನ್ನೂ ಹಿಗ್ಗಿಸುವ ಬಟನ್ನನ್ನೂ ತೆಗೆದರು. ಡೆಬಿಯನ್ ಆ ಗ್ನೋಮನ್ನು ಹಾಗೆಯೇ ಕೊಡುತ್ತದೆ. ಉಬುಂಟು ಎಂಬ ಇನ್ನೊಂದು ಲಿನಕ್ಸಿನವರು ಬಟನ್ ಇಟ್ಟು ಕೊಡುತ್ತಾರೆ, ಆದರೆ ಅವರೇನೂ ಕಡಿಮೆಯಲ್ಲ: 2010ರಲ್ಲಿ ಮೂರನ್ನೂ ಎಡಮೂಲೆಗೆ ಸಾಗಿಸಿದರು, ಬಳಕೆದಾರರು ಎಷ್ಟು ಗಲಾಟೆ ಮಾಡಿದರೂ ಜಗ್ಗಲಿಲ್ಲ, 2017ರಲ್ಲಿ ತಾವಾಗಿಯೇ ಬಲಕ್ಕೆ ತಂದರು. ಆಗ ಗಲಾಟೆ ಮಾಡಿದವರಲ್ಲಿ ಕಂಪ್ಯೂಟರನ್ನೇ ನಂಬಿ ಬದುಕುವವರು ಬೇಕಾದಷ್ಟು ಮಂದಿ ಇದ್ದರು. ಅವರಿಗೇ ತಲೆ ಕೆಟ್ಟಿದ್ದ ವಿಷಯ ಇದು.

ಇನ್ನು ಆ ಬಿಳಿ ಹಾಳೆ. ನಿಮ್ಮ ಕೈ ಏನು ಮಾಡಿರಬಹುದೆಂದು ನನಗೊಂದು ಊಹೆ ಇದೆ. ಸಾಲುಗಳ ಎರಡೂ ಅಂಚು ಸಮ ಬರಲೆಂದು ಕಂಟ್ರೋಲ್ ಮತ್ತು ಜೆ ಒತ್ತುವ ಅಭ್ಯಾಸ ಟೈಪ್ ಮಾಡುವವರಿಗೆ ಇರುತ್ತದೆ. ಕಿರುಬೆರಳು ತುಸು ಮೇಲೆ ಸರಿದು ಕಂಟ್ರೋಲ್ ಜೊತೆ ಶಿಫ್ಟ್ ಕೂಡ ಒತ್ತಿಹೋದರೆ ರೈಟರ್ ಪೂರ್ಣ ಪರದೆಗೆ ಹೋಗುತ್ತದೆ. ಮೆನು, ಬಟನ್ ಎಲ್ಲವೂ ಮರೆ. ಬರೆದದ್ದು ಎಲ್ಲೂ ಹೋಗಿರುವುದಿಲ್ಲ. ಅದೇ ಕಂಟ್ರೋಲ್, ಶಿಫ್ಟ್, ಜೆ ಇನ್ನೊಮ್ಮೆ ಒತ್ತಿದರೆ ಎಲ್ಲ ಮರಳಿ ಬರುತ್ತದೆ. ಬ್ರೌಸರಿನಲ್ಲಿ ಹೀಗಾದರೆ ಎಫ್11.

ಒಂದು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ: ಪವರ್ ಬಟನ್ ಒತ್ತಿ ಹಿಡಿಯುವುದನ್ನು ಬಿಡಿ. ಹಾಡು ಹೋದದ್ದು ಬಟನ್ ಮಾಯವಾದದ್ದರಿಂದಲ್ಲ, ಗಾಬರಿಯಿಂದ. ದಾರಿ ಕಾಣದಾದಾಗ ಮೊದಲು ಕಂಟ್ರೋಲ್ ಮತ್ತು ಎಸ್ ಒತ್ತಿ, ಮೆನು ಕಾಣದಿದ್ದರೂ ಕಡತ ಉಳಿಯುತ್ತದೆ. ಆಮೇಲೆ ಆಲ್ಟ್ ಮತ್ತು ಎಫ್4 ಒತ್ತಿದರೆ ವಿಂಡೋ ಮುಚ್ಚುತ್ತದೆ. ಉಳಿಸದ ಬರಹ ಇದ್ದರೆ ಅದೇ ನಿಮ್ಮನ್ನು ಕೇಳುತ್ತದೆ. ಮತ್ತೆಂದಾದರೂ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದರೆ, ಮರುದಿನ ರೈಟರ್ ತೆರೆದಾಗ "ಕಡತ ಹಿಂದಕ್ಕೆ ಪಡೆಯಲೇ" ಎಂದು ಒಂದು ಪೆಟ್ಟಿಗೆ ಬರಬಹುದು. ಅದನ್ನು ಬೇಡವೆಂದು ಮುಚ್ಚಬೇಡಿ.

ಬಟನ್ ಬೇಕೇ ಬೇಕೆಂದರೆ ಟ್ವೀಕ್ಸ್ ಎಂಬ ಪ್ರೋಗ್ರಾಂ ಹುಡುಕಿ. ಗ್ನೋಮ್ ಇರುವ ಡೆಬಿಯನ್‌ನಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರಲ್ಲಿ ಟೈಟಲ್‌ಬಾರ್ ಬಟನ್‌ಗಳ ಭಾಗಕ್ಕೆ ಹೋಗಿ ಮ್ಯಾಕ್ಸಿಮೈಜ್, ಮಿನಿಮೈಜ್ ಎರಡನ್ನೂ ಆನ್ ಮಾಡಿ, ಮುಗಿಯಿತು. ಅಲ್ಲಿಯವರೆಗೆ ವಿಂಡೋಸ್ ಚಿಹ್ನೆಯ ಕೀ ಜೊತೆ ಎಚ್ ಒತ್ತಿದರೆ ವಿಂಡೋ ಮರೆಯಾಗುತ್ತದೆ, ಅದೇ ಕೀ ಜೊತೆ ಮೇಲಿನ ಬಾಣದ ಕೀ ಒತ್ತಿದರೆ ಹಿಗ್ಗುತ್ತದೆ. ಮರೆಯಾದದ್ದು ಬೇಕಾದಾಗ ಆಲ್ಟ್ ಹಿಡಿದು ಟ್ಯಾಬ್. ಇವನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿಕೊಳ್ಳಿ. ಅಂತರ್ಜಾಲದಲ್ಲಿ ಯಾರೋ ಬರೆದ ಕಮಾಂಡ್ ಸಾಲುಗಳನ್ನು ಅರ್ಥ ತಿಳಿಯದೆ ಟರ್ಮಿನಲ್‌ಗೆ ಹಾಕುವ ಗೋಜಿಗೆ ಹೋಗಬೇಡಿ.

ಇದನ್ನು ಓದುತ್ತಿರುವ ಬೇರೆ ಕೆಲವರಿಗೆ ಯಾವುದೋ ಒಂದೇ ಪ್ರೋಗ್ರಾಮಿನಲ್ಲಿ ಮೇಲಿನ ಪಟ್ಟಿಯೇ ಇಲ್ಲದಿರಬಹುದು. ಅದು ಮದುವೆ ಪಂಕ್ತಿಯಲ್ಲಿ ಉಪ್ಪು ಬಡಿಸುವವನು ಅವನು ಎಂದು ಇವನು, ಇವನು ಎಂದು ಅವನು ಸುಮ್ಮನಿದ್ದಂತೆ. ವೇಲ್ಯಾಂಡ್ ಎಂಬ ಹೊಸ ಏರ್ಪಾಡಿನಲ್ಲಿ ಗ್ನೋಮ್ ತಾನು ಪಟ್ಟಿ ಬರೆಯುವುದಿಲ್ಲ, ಪ್ರೋಗ್ರಾಮೇ ಬರೆದುಕೊಳ್ಳಲಿ ಎನ್ನುತ್ತದೆ. ಬರೆದುಕೊಳ್ಳಲು ಬಾರದ ಪ್ರೋಗ್ರಾಂ ಬೋಳಾಗಿ ಬಂದು ನಿಲ್ಲುತ್ತದೆ. ಲಾಗಿನ್ ಪರದೆಯ ಚಕ್ರದ ಗುರುತಿನಲ್ಲಿ ಎಕ್ಸ್ಆರ್ಗ್ ಎಂಬ ಆಯ್ಕೆ ಇದ್ದರೆ ಒಮ್ಮೆ ಅದರಲ್ಲಿ ಒಳಗೆ ಹೋಗಿ ನೋಡಿ. ಎಲ್ಲ ವಿಂಡೋಗಳ ಮೇಲಿನ ಪಟ್ಟಿಯೂ ಒಟ್ಟಿಗೇ ಹೋಗಿದ್ದರೆ ಲಾಗ್ ಔಟ್ ಮಾಡಿ ಮತ್ತೆ ಬಂದರೆ ಸಾಕಾಗಬಹುದು.

ಮಗನ ವಿಷಯಕ್ಕೆ ಬರೋಣ. ಅವನಿಗೆ ನಿಮ್ಮ ಮೇಲೆ ತಾತ್ಸಾರ ಎಂದು ನನಗನ್ನಿಸುವುದಿಲ್ಲ. ತಾತ್ಸಾರ ಇದ್ದವನು ರಜೆಯಲ್ಲಿ ಬಂದು ಕೂತು ಲಿನಕ್ಸ್ ಹಾಕಿಕೊಡುತ್ತಿರಲಿಲ್ಲ. ಆದರೆ ಹಾಕಿಕೊಟ್ಟು ಹೋದ, ಕೂರಿಸಿಕೊಂಡು ತೋರಿಸಲಿಲ್ಲ. ಕಚೇರಿಯ ಹೊತ್ತಿನಲ್ಲಿ "ಬಟನ್ ಇಲ್ಲ ಕಣೋ" ಎಂಬ ಫೋನ್ ಹೋದರೆ ಅವನಿಗೂ ಏನೂ ಕಾಣಿಸುವುದಿಲ್ಲ, ಅದಕ್ಕೇ ಸಿಡುಕು. ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದು ಕಳಿಸಿ, "ಭಾನುವಾರ ಹತ್ತು ನಿಮಿಷ ಸಿಗ್ತೀಯಾ? ಮಾಡಿಕೊಡಬೇಡ, ಹೇಳಿಕೊಡು" ಎಂದು ಬರೆಯಿರಿ. "ಎಷ್ಟು ಸಲ ಹೇಳ್ಲಿ" ಎಂಬ ಮಾತಿನಿಂದ ಮನಸ್ಸಿಗೆ ನೋವಾಯಿತು ಎಂದೂ ಹೇಳಿ. ಅಮ್ಮಂದಿರು ಅದನ್ನು ಹೇಳಬಾರದೆಂದು ಯಾರೂ ಬರೆದಿಟ್ಟಿಲ್ಲ. ಅವನಿಗೆ ಬಿಡುವಿಲ್ಲದಿದ್ದರೆ ಬೆಂಗಳೂರಿನ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಬಳಗಗಳಿವೆ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿನಕ್ಸ್ ಬಲ್ಲ ಹುಡುಗರೂ ಸಿಗುತ್ತಾರೆ.

ಮರೆವಿನ ಭಯದ ಬಗ್ಗೆ. ಹೊಸ ಪರದೆಯಲ್ಲಿ ದಾರಿ ತಪ್ಪುವುದು ಮರೆವಿನ ಕಾಯಿಲೆಯ ಲಕ್ಷಣವಲ್ಲ. ಅಮ್ಮನ ಹಾಡನ್ನು ಸೊಲ್ಲು ಬಿಡದೆ ನೆನಪಿಟ್ಟವರು ನೀವು. ದಿನಾ ಹೋಗುವ ರಸ್ತೆಯೇ ಗೊತ್ತಾಗದಿದ್ದರೆ, ವರ್ಷಗಳಿಂದ ಮಾಡುತ್ತಿದ್ದ ಅಡುಗೆಯ ಕ್ರಮ ತಪ್ಪುತ್ತಿದ್ದರೆ, ಮನೆಯವರೇ ಬದಲಾವಣೆ ಗಮನಿಸಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ. ಆದರೆ ನಿದ್ದೆ ಬರುತ್ತಿಲ್ಲ ಎಂದಿದ್ದೀರಿ, ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಇನ್ನೊಂದೆರಡು ವಾರ ಹೀಗೇ ಇದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ವಿಂಡೋಸ್‌ಗೆ ಮರಳಬೇಕೆನಿಸಿದರೆ ಮರಳಿ, ಅದು ಸೋಲಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ವಿಂಡೋಸ್ 11 ನಿಮ್ಮ ಹಳೆಯ ಲ್ಯಾಪ್‌ಟಾಪಿಗೆ ಹಿಡಿಸುವುದು ಅನುಮಾನ, ಹೊಸದು ಕೊಳ್ಳಬೇಕಾದೀತು. ಆ ನಿರ್ಧಾರ ಒಂದು ತಿಂಗಳು ಬಿಟ್ಟು ಮಾಡಿ. ಲಿಬ್ರೆ ಆಫೀಸ್ ವಿಂಡೋಸ್‌ನಲ್ಲೂ ಸಿಗುವುದರಿಂದ ಈಗ ಟೈಪ್ ಮಾಡಿಟ್ಟ ಹಾಡುಗಳು ಆಗಲೂ ತೆರೆಯುತ್ತವೆ. ಹೋದ ಆ ಎರಡನ್ನು ಈ ವಾರವೇ ಮತ್ತೆ ಬರೆದು, ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೂ ಹಾಕಿಡಿ.