ಸಿಂಗ್ಯುಲರ್ ಪರ್ಟರ್ಬೇಶನ್ ವಿಧಾನ: ತಿಳಿದಿರಬೇಕಾದ ಅಂಶಗಳು

ಅರ್ಥ: ಸಮೀಕರಣದ ಒಂದು ಪದದ ಗುಣಾಂಕ ತೀರಾ ಚಿಕ್ಕದಿದ್ದರೂ ಅದನ್ನು ಸೊನ್ನೆ ಎಂದು ಕೈಬಿಟ್ಟರೆ ಉತ್ತರದ ಸ್ವರೂಪವೇ ಬದಲಾಗುವ ಸಮಸ್ಯೆಗಳಿಗೆ ಈ ಹೆಸರು.

ಉದಾಹರಣೆ: 0.01ಕ್ಷ² + ಕ್ಷ − 1 = 0. ಇದರ ಮೂಲಗಳು ಸುಮಾರು 0.99 ಮತ್ತು −100.99. ಮೊದಲ ಪದವನ್ನು ಬಿಟ್ಟರೆ ವರ್ಗ ಸಮೀಕರಣ ರೇಖಾತ್ಮಕವಾಗಿ, ಕ್ಷ = 1 ಮಾತ್ರ ಉಳಿಯುತ್ತದೆ; ಎರಡನೆಯ ಮೂಲ ಕಾಣೆಯಾಗುತ್ತದೆ.

ಮುಖ್ಯಾಂಶಗಳು:
• 1904ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತಜ್ಞರ ಸಮ್ಮೇಳನದಲ್ಲಿ ಲುಡ್ವಿಗ್ ಪ್ರಾಂಟ್ಲ್ ಗಡಿಪದರ ಸಿದ್ಧಾಂತ ಮಂಡಿಸಿದರು.
• ಗಾಳಿಯ ಸ್ನಿಗ್ಧತೆ ಅತ್ಯಲ್ಪ. ಆದರೂ ವಿಮಾನದ ರೆಕ್ಕೆಗೆ ತಾಗಿದ ಗಾಳಿಯ ವೇಗ, ರೆಕ್ಕೆಗೆ ಹೋಲಿಸಿದರೆ, ಸೊನ್ನೆ. ತುಸು ಆಚೆಗೆ ಪೂರ್ಣ ವೇಗ. ಈ ತೆಳು ಪದರವೇ ಗಡಿಪದರ; ಇದರೊಳಗೆ ಸ್ನಿಗ್ಧತೆಯನ್ನು ಕಡೆಗಣಿಸುವಂತಿಲ್ಲ.
• ಮೇಲ್ಮೈಯ ಉದ್ದ ಬದಲಾಗದಿದ್ದರೆ, ಲ್ಯಾಮಿನಾರ್ (ನಯವಾಗಿ ಪದರಪದರವಾಗಿ ಹರಿಯುವ) ಗಡಿಪದರದ ದಪ್ಪವು ರೆನಾಲ್ಡ್ಸ್ ಸಂಖ್ಯೆಯ (ಜಡತ್ವ ಮತ್ತು ಸ್ನಿಗ್ಧತೆಯ ಬಲಗಳ ಅನುಪಾತ) ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ.
• ವಿಧಾನ: ಪದರದ ಹೊರಗೊಂದು, ಒಳಗೊಂದು ಅಂದಾಜು ಪರಿಹಾರ ಕಂಡುಹಿಡಿದು, ಎರಡೂ ಅನ್ವಯವಾಗುವ ನಡುವಿನ ಭಾಗದಲ್ಲಿ ಹೊಂದಿಸುವುದು.
• ಇತರ ಬಳಕೆ: ಕಿಣ್ವಕ್ರಿಯೆಯ ಮೈಕೇಲಿಸ್–ಮೆಂಟೆನ್ ಸಮೀಕರಣ (1913). ಇಲ್ಲಿ ಕಿಣ್ವ–ಮೂಲವಸ್ತು ಸಂಯುಕ್ತ ಬೇಗ ಸ್ಥಿರ ಮಟ್ಟಕ್ಕೆ ಬರುತ್ತದೆ, ಮೂಲವಸ್ತು ನಿಧಾನವಾಗಿ ಕಡಿಮೆಯಾಗುತ್ತದೆ. ವೇಗದ ಹಂತ, ನಿಧಾನದ ಹಂತಗಳನ್ನು ಬೇರ್ಪಡಿಸಿ ಲೆಕ್ಕ ಹಾಕಬಹುದು.

ನೆನಪಿಡಿ: ಅವಕಲನ ಸಮೀಕರಣದ ಅತ್ಯುನ್ನತ ದರ್ಜೆಯ ಪದದ ಗುಣಾಂಕ ಅತಿ ಚಿಕ್ಕದಿದ್ದರೆ, ಅದನ್ನು ಬಿಟ್ಟಾಗ ದರ್ಜೆ ಇಳಿಯುತ್ತದೆ, ಎಲ್ಲ ಗಡಿ ಷರತ್ತುಗಳನ್ನೂ ಪೂರೈಸಲು ಸಾಮಾನ್ಯವಾಗಿ ಆಗದು.

ಮಾದರಿ ಪ್ರಶ್ನೆ: ಮೇಲ್ಮೈಯ ಉದ್ದ ಬದಲಾಗದೆ ರೆನಾಲ್ಡ್ಸ್ ಸಂಖ್ಯೆ 4 ಪಟ್ಟಾದರೆ ಲ್ಯಾಮಿನಾರ್ ಗಡಿಪದರದ ದಪ್ಪ ಎಷ್ಟಾಗುತ್ತದೆ?
(ಎ) 2 ಪಟ್ಟು (ಬಿ) ಅರ್ಧ (ಸಿ) ಕಾಲುಭಾಗ (ಡಿ) ಬದಲಾಗದು
ಉತ್ತರ: (ಬಿ)