ತೆರೆದ ತಾಲೀಮು

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ನಮ್ಮ ಹಳ್ಳಿಗಳಲ್ಲಿ ನಾಟಕವಾಡುವ ವಾಡಿಕೆಯುಂಟು. ಊರ ತರುಣರು ಒಂದೆರಡು ತಿಂಗಳ ಕಾಲ ರಾತ್ರಿ ಊಟವಾದ ಮೇಲೆ ಶಾಲೆಯ ಜಗಲಿಯಲ್ಲಿಯೋ ಗುಡಿಯ ಪೌಳಿಯಲ್ಲಿಯೋ ಸೇರಿ ತಾಲೀಮು ನಡೆಸುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಮಾತು ಹೇಳಿಕೊಡುತ್ತಾರೆ; ಹಾಡು ತಿದ್ದುತ್ತಾರೆ. ಅದೇ ಮಾತುಗಳನ್ನು ದಿನವೂ ಆಡಿ ಆಡಿ, ಪಾತ್ರಧಾರಿಗಳಿಗೆ ಎಲ್ಲವೂ ಸರಿಯಾಗಿಯೇ ಇದೆ ಎನ್ನಿಸತೊಡಗುತ್ತದೆ. ಕೊನೆಯ ತಾಲೀಮಿನ ರಾತ್ರಿ ಊರವರಲ್ಲಿ ಹತ್ತು ಮಂದಿ ಬಂದು ಕುಳಿತಾಗ ನಿಜಸ್ಥಿತಿ ಬಯಲಾಗುತ್ತದೆ. “ಭೀಮನ ಮಾತು ಹಿಂದಕ್ಕೆ ಕೇಳಿಸಲೇ ಇಲ್ಲ ಕಣಪ್ಪಾ” ಎಂದು ಮುದುಕಿಯೊಬ್ಬಳು ಹೇಳುತ್ತಾಳೆ. ಆ ಕೊರತೆ ಮೇಷ್ಟ್ರಿಗೂ ತಿಳಿದಿರಲಿಲ್ಲ, ಭೀಮನಿಗೂ ಹೊಳೆದಿರಲಿಲ್ಲ. ಏಕೆಂದರೆ ಅವರಿಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತವರಲ್ಲ.

ತಾಲೀಮಿನ ಬಾಗಿಲನ್ನು ನೋಡುವವರಿಗೆ ತೆರೆಯಬೇಕೇ, ಬೇಡವೇ ಎಂಬ ಈ ಪ್ರಶ್ನೆಯನ್ನೇ ಕಂಪ್ಯೂಟರ್ ಆಟಗಳನ್ನು ರಚಿಸುವವರು ಇಂದು ಎದುರಿಸುತ್ತಿದ್ದಾರೆ. ಆಟವನ್ನು ಬಿಡುಗಡೆ ಮಾಡುವ ಮುನ್ನ, ಅದು ಇನ್ನೂ ಅಪೂರ್ಣವಾಗಿರುವಾಗಲೇ, ಸಾರ್ವಜನಿಕರ ಕೈಗೆ ಕೊಟ್ಟು ಪರೀಕ್ಷಿಸುವುದು ಉಚಿತವೇ? ಹಾಗೆ ಮಾಡಿದವರಲ್ಲಿ ಕೆಲವರು ಕೀರ್ತಿ ಪಡೆದರು. ಕೆಲವರು ಜನರ ನಂಬಿಕೆಯನ್ನೇ ಕಳೆದುಕೊಂಡರು. ಇದಕ್ಕೆ ಕಾರಣವೇನೆಂಬುದನ್ನು ನಾವು ಈ ಪಾಠದಲ್ಲಿ ವಿಚಾರ ಮಾಡೋಣ.

ಆಲ್ಫಾ ಮತ್ತು ಬೀಟಾ ಎಂಬವು ಗ್ರೀಕ್ ಅಕ್ಷರಮಾಲೆಯ ಮೊದಲ ಎರಡು ಅಕ್ಷರಗಳು. ಕಂಪ್ಯೂಟರಿಗಾಗಿ ರಚಿಸಿದ ಆಟದ ಬೆಳವಣಿಗೆಯಲ್ಲಿ ಎರಡು ಹಂತಗಳಿಗೆ ಈ ಅಕ್ಷರಗಳ ಹೆಸರನ್ನೇ ಇಟ್ಟಿದ್ದಾರೆ. ರಚಿಸಿದವರು ತಮ್ಮೊಳಗೇ ಪರೀಕ್ಷಿಸುವ ಮೊದಲ ರೂಪ ಆಲ್ಫಾ. ಬಹುಮಟ್ಟಿಗೆ ಪೂರ್ಣಗೊಂಡು, ಹೊರಗಿನವರ ಕೈಗೆ ಕೊಡಬಹುದಾದ ರೂಪ ಬೀಟಾ. ಆಯ್ದ ಕೆಲವರಿಗೆ ಮಾತ್ರ ಕೊಟ್ಟರೆ ಅದು ಮುಚ್ಚಿದ ಬೀಟಾ. ಬಯಸಿದವರಿಗೆಲ್ಲ ಕೊಟ್ಟರೆ ಅದು ಬಹಿರಂಗ ಬೀಟಾ. ಅಪೂರ್ಣ ಆಟವನ್ನು ಬೆಲೆಗೆ ಮಾರಿ, ಆಡುವವರ ಅಭಿಪ್ರಾಯ ಪಡೆಯುತ್ತ ಅದನ್ನು ಪೂರ್ಣಗೊಳಿಸುವ ಮತ್ತೊಂದು ಪದ್ಧತಿಯೂ ಉಂಟು. ಅದನ್ನು ‘ಅರ್ಲಿ ಆಕ್ಸೆಸ್’, ಎಂದರೆ ಪೂರ್ವಪ್ರವೇಶ ಎನ್ನುತ್ತಾರೆ. ಆಟಗಳ ದೊಡ್ಡ ಮಾರಾಟತಾಣವಾದ ಸ್ಟೀಮ್ 2013ರಲ್ಲಿ ಈ ಹೆಸರಿನ ವಿಭಾಗವನ್ನೇ ತೆರೆಯಿತು.

ಆಟವನ್ನು ರಚಿಸಿದವರೇ ಪರೀಕ್ಷಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಿಮಗೆ ತಿಳಿದೇ ಇದೆ. ತಾವು ವರ್ಷಗಟ್ಟಲೆ ದುಡಿದು ಕಟ್ಟಿದ ಆಟದಲ್ಲಿ ದಾರಿ ಎಲ್ಲಿದೆ, ಬಾಗಿಲು ಎಲ್ಲಿದೆ ಎಂಬುದು ರಚಿಸಿದವರಿಗೆ ಕಂಠಪಾಠ. ಹೊಸಬರು ಎಲ್ಲಿ ತಡಕಾಡುವರು, ಎಲ್ಲಿ ಬೇಸರಗೊಳ್ಳುವರು ಎಂಬುದು ಅವರಿಗೆ ಕಾಣುವುದಿಲ್ಲ. ಇದಲ್ಲದೆ ಲೆಕ್ಕದ ಕಾರಣವೂ ಒಂದಿದೆ. ಒಂದು ಸಂಸ್ಥೆಯು ಐವತ್ತು ಪರೀಕ್ಷಕರನ್ನು ನೇಮಿಸಿಕೊಂಡಿತೆನ್ನೋಣ. ಅವರು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ಆಡಿದರೆ ಒಟ್ಟು 1,00,000 ಗಂಟೆಗಳ ಪರೀಕ್ಷೆಯಾಗುತ್ತದೆ. ಆಟ ಬಿಡುಗಡೆಯಾದ ದಿನ ಒಂದು ಲಕ್ಷ ಜನ ತಲಾ ಒಂದು ಗಂಟೆ ಆಡಿದರೆ, ಐವತ್ತು ಜನರ ವರ್ಷದ ದುಡಿಮೆ ಒಂದೇ ಗಂಟೆಯಲ್ಲಿ ಸರಿಸಮವಾಗುತ್ತದೆ. ಆ ಲಕ್ಷ ಜನರ ಯಂತ್ರಗಳೂ ಒಂದೇ ಬಗೆಯವಲ್ಲ. ಕೆಲವು ಹೊಸವು, ಕೆಲವು ಹಳೆಯವು. ಕೆಲವು ವೇಗದವು, ಕೆಲವು ನಿಧಾನದವು. ಸಾವಿರ ಸಲ ಆಡಿದರೆ ಒಮ್ಮೆ ಮಾತ್ರ ತಲೆಯೆತ್ತುವ ದೋಷ ಐವತ್ತು ಮಂದಿಯ ಕಣ್ಣಿಗೆ ಬೀಳದೆ ಹೋಗಬಹುದು. ಲಕ್ಷ ಮಂದಿಯ ಕಣ್ಣನ್ನು ಅದು ತಪ್ಪಿಸಿಕೊಳ್ಳಲಾರದು.

ಈ ಪದ್ಧತಿಯಿಂದಾದ ಲಾಭಕ್ಕೆ ಪ್ರಸಿದ್ಧವಾದ ನಿದರ್ಶನ ಮೈನ್‌ಕ್ರಾಫ್ಟ್ ಎಂಬ ಆಟ. ಸ್ವೀಡನ್ ದೇಶದ ಮಾರ್ಕಸ್ ಪರ್ಸನ್ ಎಂಬಾತ ಇದರ ಮೊದಲ ರೂಪವನ್ನು 2009ರ ಮೇ ತಿಂಗಳಿನಲ್ಲಿ ಸಾರ್ವಜನಿಕರ ಮುಂದಿಟ್ಟ. ಆಗ ಅದರಲ್ಲಿದ್ದುದು ಚೌಕಾಕಾರದ ಕಲ್ಲುಮಣ್ಣುಗಳನ್ನು ಜೋಡಿಸುವ, ಒಡೆಯುವ ಕೆಲಸವಷ್ಟೆ. ಆಟ ಅಪೂರ್ಣವೆಂಬುದನ್ನು ಆತ ಮುಚ್ಚಿಡಲಿಲ್ಲ. ಆ ಹಂತದಲ್ಲಿ ಕೊಂಡವರಿಗೆ ಅದು ಪೂರ್ಣ ಆಟದ ಸುಮಾರು ಅರ್ಧ ಬೆಲೆಗೇ ದೊರೆಯಿತು. ಜನರು ಆಡಿದರು, ದೋಷಗಳನ್ನು ತಿಳಿಸಿದರು, ಬೇಕುಬೇಡಗಳನ್ನು ಹೇಳಿದರು. ಆಟ ಅವರ ಕಣ್ಣೆದುರಿಗೇ ಬೆಳೆಯಿತು. 2010ರ ಡಿಸೆಂಬರಿನಲ್ಲಿ ಅದು ಬೀಟಾ ಹಂತವನ್ನು ಮುಟ್ಟಿತು. 2011ರ ನವೆಂಬರ್ 18ರಂದು ಪೂರ್ಣರೂಪದಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಅದನ್ನು ಕೊಂಡವರ ಸಂಖ್ಯೆ ಹಲವು ಲಕ್ಷಗಳನ್ನು ದಾಟಿತ್ತು. 2023ರ ವೇಳೆಗೆ ಅದರ ಮೂವತ್ತು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು.

ಬಾಗಿಲು ತೆರೆಯದೆ ಕೆಟ್ಟ ನಿದರ್ಶನವೂ ಇದೆ. ಪೋಲೆಂಡ್ ದೇಶದ ಸಿಡಿ ಪ್ರಾಜೆಕ್ಟ್ ಸಂಸ್ಥೆಯು ಸೈಬರ್‌ಪಂಕ್ 2077 ಎಂಬ ಆಟವನ್ನು 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ಬಹಿರಂಗ ಪರೀಕ್ಷೆ ನಡೆದಿರಲಿಲ್ಲ. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಕೊಟ್ಟುದು ಕಂಪ್ಯೂಟರಿನಲ್ಲಿ ಆಡುವ ರೂಪವನ್ನು ಮಾತ್ರ. ಆದರೆ ಅಸಂಖ್ಯಾತ ಜನರು ಅದನ್ನು ಪ್ಲೇಸ್ಟೇಷನ್ 4ರಂತಹ ಹಳೆಯ ಯಂತ್ರಗಳಿಗಾಗಿ ಕೊಂಡಿದ್ದರು. ಅವುಗಳಲ್ಲಿ ಆಟ ತಡವರಿಸಿತು. ನಡುನಡುವೆ ನಿಂತೇ ಹೋಯಿತು. ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ಸಂಸ್ಥೆ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ, ಕೊಂಡವರಿಗೆ ಹಣ ಹಿಂದಿರುಗಿಸಲು ಒಪ್ಪಿತು. ಆಟ ಮತ್ತೆ ಆ ಅಂಗಡಿಯನ್ನು ಸೇರಿದ್ದು 2021ರ ಜೂನ್ ತಿಂಗಳಿನಲ್ಲಿ. ಆಡುವವರು ಕಂಡ ದೋಷಗಳಲ್ಲಿ ಬಹುಪಾಲು ತಮ್ಮ ಪರೀಕ್ಷೆಯಲ್ಲಿ ಕಾಣಿಸಿರಲಿಲ್ಲವೆಂದು ಸಂಸ್ಥೆಯ ಸ್ಥಾಪಕರಲ್ಲೊಬ್ಬರು ಆ ಬಳಿಕ ಹೇಳಿದರು. ಹಿಂದಿನ ಸಾಲಿನ ಮುದುಕಿಯನ್ನು ಕೇಳದೆಯೇ ಪರದೆ ಎತ್ತಿದಂತಾಯಿತು.

ಇಷ್ಟನ್ನು ಕೇಳಿದವರು ಬಹಿರಂಗ ಪರೀಕ್ಷೆಯೇ ಸರಿಯೆಂದು ಕೂಡಲೇ ತೀರ್ಮಾನಿಸಬಹುದು. ಆದರೆ ಮತ್ತೊಂದು ಪಕ್ಷದವರ ವಾದವನ್ನೂ ಆಲಿಸುವುದು ನ್ಯಾಯ.

ಅವರ ಮೊದಲ ವಾದ ಇದು: ಕಥೆಯಿರುವ ಆಟವನ್ನು ಮುಂಚಿತವಾಗಿ ತೋರಿಸಿದರೆ ಗುಟ್ಟು ರಟ್ಟಾಗುತ್ತದೆ, ಕುತೂಹಲ ಉಳಿಯುವುದಿಲ್ಲ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಇದಕ್ಕೆ ಉಪಾಯವೂ ಇದೆ. ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿರುವ ಲೇರಿಯನ್ ಸಂಸ್ಥೆಯು ಬಾಲ್ಡರ್ಸ್ ಗೇಟ್ 3 ಎಂಬ ತನ್ನ ಆಟದ ಮೊದಲನೆಯ ಅಂಕವನ್ನು ಮಾತ್ರ 2020ರ ಅಕ್ಟೋಬರಿನಲ್ಲಿ ಪೂರ್ವಪ್ರವೇಶಕ್ಕೆ ಕೊಟ್ಟಿತು. ಸುಮಾರು ಮೂರು ವರ್ಷ ಜನರ ಮಾತನ್ನು ಕೇಳುತ್ತ ತಿದ್ದಿ, 2023ರ ಆಗಸ್ಟಿನಲ್ಲಿ ಇಡೀ ಆಟವನ್ನು ಬಿಡುಗಡೆ ಮಾಡಿತು. ಕಥೆಯ ಗುಟ್ಟು ಉಳಿಯಿತು. ಆಟಕ್ಕೆ ಆ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿಗಳೂ ಬಂದವು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಹಿರಂಗ ಪರೀಕ್ಷೆ ಕಂಡ ಮೊದಲ ಅಂಕ ನಯವಾಗಿ ನಡೆಯಿತು. ಅಂತಹ ಪರೀಕ್ಷೆ ಕಾಣದ ಮೂರನೆಯ ಅಂಕದ ಬಗೆಗೇ ದೂರುಗಳು ಹೆಚ್ಚಾಗಿ ಬಂದವು. ಅವುಗಳನ್ನು ಸಂಸ್ಥೆ ಬಿಡುಗಡೆಯ ಬಳಿಕ ತಿದ್ದಬೇಕಾಯಿತು.

ಪರೀಕ್ಷೆ ನಡೆದ ಮಾತ್ರಕ್ಕೆ ಎಲ್ಲವೂ ಸುಗಮವಾದೀತೆಂಬ ಭರವಸೆಯಿಲ್ಲ ಎಂಬುದು ಎರಡನೆಯ ವಾದ. ಡಯಾಬ್ಲೊ 3 ಎಂಬ ಆಟಕ್ಕೆ 2012ರ ಏಪ್ರಿಲಿನಲ್ಲಿ ಬಹಿರಂಗ ಬೀಟಾ ನಡೆದಿತ್ತು. ಆದರೂ ಮೇ 15ರ ಬಿಡುಗಡೆಯ ದಿನ ಜನಸಂದಣಿಯ ಭಾರವನ್ನು ತಾಳಲಾರದೆ ಅದರ ಕೇಂದ್ರಯಂತ್ರಗಳು ಸೋತವು. ಹಣ ಕೊಟ್ಟು ಕೊಂಡವರೂ ಆಟದೊಳಗೆ ಕಾಲಿಡಲಾರದೆ ಕಾದು ಕುಳಿತರು. ತಾಲೀಮಿಗೆ ನೂರು ಜನ ಬಂದರೆ ಜಾತ್ರೆಯ ರಾತ್ರಿ ಹತ್ತು ಸಾವಿರ ಜನ ಬರಬಹುದೆಂಬುದನ್ನು ಮರೆಯಬಾರದು.

ಮೂರನೆಯ ವಾದ ಎಲ್ಲಕ್ಕಿಂತ ಗಂಭೀರವಾದುದು. ಅಪೂರ್ಣವಾದುದನ್ನು ಮಾರಿ ಹಣ ಕೈಸೇರಿದ ಮೇಲೆ, ಅದನ್ನು ಪೂರ್ಣಗೊಳಿಸದೆ ಬಿಟ್ಟರೆ ಕೇಳುವವರು ಯಾರು? ಈ ಭಯ ನಿರಾಧಾರವಲ್ಲ. ರಾಕೆಟ್ ಕಟ್ಟಿ ಹಾರಿಸುವುದನ್ನು ಕಲಿಸುವ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಆಟವನ್ನು ಮೆಕ್ಸಿಕೊ ನಗರದ ಸ್ಕ್ವಾಡ್ ಎಂಬ ಸಂಸ್ಥೆ 2011ರಲ್ಲಿ ಜನರ ಮುಂದಿಟ್ಟಿತು. ಆರಂಭದಲ್ಲಿ ಅದನ್ನು ಉಚಿತವಾಗಿ ಕೊಟ್ಟು, ಬಳಿಕ ಬೆಲೆಯಿಟ್ಟು, ನಾಲ್ಕು ವರ್ಷ ತಿದ್ದಿ ತೀಡಿ, 2015ರ ಏಪ್ರಿಲಿನಲ್ಲಿ ಪೂರ್ಣಗೊಳಿಸಿತು. ಅದೇ ಆಟದ ಎರಡನೆಯ ಭಾಗವನ್ನು ಬೇರೊಂದು ತಂಡ ಕೈಗೆತ್ತಿಕೊಂಡು, 2023ರ ಫೆಬ್ರವರಿಯಲ್ಲಿ ಅಪೂರ್ಣ ಸ್ಥಿತಿಯಲ್ಲಿಯೇ 50 ಡಾಲರಿನ ಬೆಲೆಗೆ ಮಾರಾಟಕ್ಕಿಟ್ಟಿತು. ಮರುವರ್ಷವೇ ಆ ತಂಡ ಚದುರಿಹೋಯಿತು. ಮುಂದೆ ಬರುವುದೆಂದು ಹೇಳಿದ್ದ ಅನೇಕ ಸೌಲಭ್ಯಗಳು ಕೊಂಡವರ ಕೈಸೇರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರ ಪಾಡು ಅವರದಾಯಿತು. ಒಂದೇ ಹೆಸರಿನ ಎರಡು ಆಟಗಳು. ಎರಡರ ಬಾಗಿಲೂ ಮುಂಚಿತವಾಗಿಯೇ ತೆರೆದಿತ್ತು. ಒಂದರಲ್ಲಿ ಜನರು ಸಹಾಯಕರಾದರು. ಇನ್ನೊಂದರಲ್ಲಿ ವಂಚಿತರಾದೆವೆಂದು ನೊಂದುಕೊಂಡರು.

ಹಾಗಾದರೆ ನಮ್ಮ ನಿರ್ಣಯವೇನು? ಬಾಗಿಲು ತೆರೆಯುವುದೇ ಒಳ್ಳೆಯದು. ಆದರೆ ತೆರೆಯುವವರು ಕೆಲವು ನಿಯಮಗಳಿಗೆ ಬದ್ಧರಾಗಿರಬೇಕು. ಮೊದಲನೆಯದಾಗಿ, ಆಟ ಯಾವ ಸ್ಥಿತಿಯಲ್ಲಿದೆ, ಏನು ಇದೆ, ಏನು ಇಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಎರಡನೆಯದಾಗಿ, ಕೇಳಿದ ಮಾತನ್ನು ಮನಸ್ಸಿಗೆ ತಂದುಕೊಂಡು ತಿದ್ದಲು ಸಮಯವಿರುವಾಗಲೇ ಪರೀಕ್ಷೆ ನಡೆಸಬೇಕು. ಬಿಡುಗಡೆಗೆ ಎರಡೇ ದಿನವಿರುವಾಗ ಅಭಿಪ್ರಾಯ ಕೇಳುವುದು ಪರೀಕ್ಷೆಯಲ್ಲ; ಅದು ಪ್ರಚಾರ. ಮೂರನೆಯದಾಗಿ, ಹಣ ಪಡೆಯುವುದಾದರೆ, ಕೊಟ್ಟ ದಿನ ಕೈಯಲ್ಲಿರುವ ಆಟಕ್ಕೆ ತಕ್ಕ ಬೆಲೆಯನ್ನಷ್ಟೇ ಪಡೆಯಬೇಕು. ನಾಳೆಯ ಕನಸಿಗೆ ಇಂದೇ ಬೆಲೆ ಕಟ್ಟಬಾರದು. ಕೊನೆಯದಾಗಿ, ಸಾವಿರಾರು ಜನ ಉಚಿತವಾಗಿ ದೋಷ ಹುಡುಕಿಕೊಡುವರೆಂದು ಸಂಬಳದ ಪರೀಕ್ಷಕರನ್ನು ಮನೆಗೆ ಕಳುಹಿಸಬಾರದು. ನಿಪುಣರು ತಿದ್ದಿದ ಮೇಲೆ ಜನರು ನೋಡಬೇಕೇ ಹೊರತು, ನಿಪುಣರ ಕೆಲಸವನ್ನು ಜನರ ಹೆಗಲಿಗೆ ಹೊರಿಸುವುದು ಧರ್ಮವಲ್ಲ.

ಆಡುವವರಿಗೂ ಕರ್ತವ್ಯವಿದೆ. “ಆಟ ಚೆನ್ನಾಗಿಲ್ಲ” ಎಂದು ಬೈದುಬಿಡುವುದು ಸುಲಭ. ಅದರಿಂದ ತಿದ್ದುವವರಿಗೆ ಏನೂ ತಿಳಿಯುವುದಿಲ್ಲ. ತಾನು ಯಾವ ಯಂತ್ರದಲ್ಲಿ ಆಡಿದೆ, ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂಬ ನಾಲ್ಕು ಸಂಗತಿಗಳನ್ನು ಕ್ರಮವಾಗಿ ಹೇಳುವವನೇ ನಿಜವಾದ ಸಹಾಯಕ. ಆ ಮುದುಕಿ “ನಾಟಕ ಹಾಳಾಯಿತು” ಎಂದು ಹೇಳಲಿಲ್ಲ. ಯಾರ ಮಾತು, ಎಲ್ಲಿಗೆ ಕೇಳಿಸಲಿಲ್ಲ ಎಂಬುದನ್ನು ಹೇಳಿದಳು. ಆದುದರಿಂದಲೇ ಭೀಮನಿಗೆ ಮರುದಿನ ದನಿಯೇರಿಸಲು ಸಾಧ್ಯವಾಯಿತು.

ನಮ್ಮ ಬೆಂಗಳೂರಿನಲ್ಲಿಯೂ ಕಂಪ್ಯೂಟರ್ ಆಟಗಳನ್ನು ರಚಿಸುವ ಸಂಸ್ಥೆಗಳಿವೆ. ಮುಂದೆ ನಿಮ್ಮಲ್ಲಿಯೂ ಕೆಲವರು ಆ ಉದ್ಯೋಗವನ್ನು ಹಿಡಿಯಬಹುದು. ಹಿಡಿಯದಿದ್ದರೂ ಚಿಂತೆಯಿಲ್ಲ, ಪ್ರಬಂಧ ಬರೆಯುವವರು, ಯಂತ್ರ ಕಟ್ಟುವವರು, ಸೇತುವೆಯ ನಕ್ಷೆ ಎಳೆಯುವವರು ಎಲ್ಲರೂ ಒಂದಲ್ಲ ಒಂದು ದಿನ ತಮ್ಮ ಅಪೂರ್ಣ ಕೆಲಸವನ್ನು ಇನ್ನೊಬ್ಬರ ಕಣ್ಣಿಗೆ ಒಡ್ಡಲೇಬೇಕಾಗುತ್ತದೆ. ಹಾಗೆ ಒಡ್ಡುವುದಕ್ಕೆ ಧೈರ್ಯ ಬೇಕು. ತಪ್ಪು ತೋರಿಸಿದವರ ಮೇಲೆ ಸಿಡುಕದೆ ತಿದ್ದಿಕೊಳ್ಳುವುದಕ್ಕೆ ವಿನಯ ಬೇಕು. ಧೈರ್ಯವಿದ್ದು ವಿನಯವಿಲ್ಲದವರು ಬಾಗಿಲು ತೆರೆದರೂ ಪ್ರಯೋಜನವಿಲ್ಲ. ಒಳಗೆ ಬಂದವರ ಮಾತು ಅವರ ಕಿವಿಗೆ ಬೀಳುವುದಿಲ್ಲ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬಹಿರಂಗ ಬೀಟಾ ಎಂದರೇನು?
2. ಮೈನ್‌ಕ್ರಾಫ್ಟ್ ಆಟ ಪೂರ್ಣರೂಪದಲ್ಲಿ ಬಿಡುಗಡೆಯಾದುದು ಯಾವಾಗ?
3. ಲೇರಿಯನ್ ಸಂಸ್ಥೆಯು ಕಥೆಯ ಗುಟ್ಟನ್ನು ಹೇಗೆ ಉಳಿಸಿಕೊಂಡಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ರಚಿಸಿದವರ ಕಣ್ಣಿಗೆ ಕಾಣದ ದೋಷಗಳು ಸಾರ್ವಜನಿಕರಿಗೆ ಕಾಣುವುದೇಕೆ?
2. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಟದ ಎರಡು ಭಾಗಗಳ ಇತಿಹಾಸ ನಮಗೆ ಏನನ್ನು ತಿಳಿಸುತ್ತದೆ?

ಇ. ನಿಮ್ಮ ಶಾಲೆಯ ವಾರ್ಷಿಕೋತ್ಸವದ ನಾಟಕದ ತಾಲೀಮನ್ನು ಎಲ್ಲರಿಗೂ ತೋರಿಸಬೇಕೇ? ಪರ ಹಾಗೂ ವಿರೋಧ ವಾದಗಳನ್ನು ತರಗತಿಯಲ್ಲಿ ಚರ್ಚಿಸಿರಿ.