ಫಾಂಟನ್ನೂ ಜೋಪಾನ ಮಾಡಿ

ಚಾಮರಾಜಪೇಟೆಯ ಡಿಟಿಪಿ ಅಂಗಡಿಯವರೇ,

ಬ್ಯಾಕಪ್‌ನಿಂದ ತೆಗೆದ ಲಗ್ನಪತ್ರಿಕೆಯಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬಂತೆಂದಿರಿ. ಗಾಬರಿ ಬೇಡ, ಫೈಲು ಕೆಟ್ಟಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳ ಪುಟ ಆ ಫಾಂಟಿಲ್ಲದೆ ಹಾಗೇ ಕಾಣುವುದು. ಬ್ಯಾಕಪ್‌ಗೆ ನೀವು ಆರಿಸಿದ್ದು ಡಾಕ್ಯುಮೆಂಟ್ಸ್ ಫೋಲ್ಡರ್ ಮಾತ್ರ. ಫಾಂಟು ಸಾಮಾನ್ಯವಾಗಿ ಇರುವುದು ವಿಂಡೋಸ್ ಫೋಲ್ಡರಿನೊಳಗೆ. ಫಾಂಟುಗಳ ನಕಲೊಂದನ್ನು ಕೆಲಸದ ಫೋಲ್ಡರಿನಲ್ಲೇ ಇಟ್ಟುಬಿಡಿ.

ಇನ್ನು, ಹಿಂದಿನ ಬ್ಯಾಕಪ್‌ನ ನಂತರ ಬದಲಾದದ್ದನ್ನಷ್ಟೇ ನಕಲಿಸುವ ಇನ್‌ಕ್ರಿಮೆಂಟಲ್ ಬ್ಯಾಕಪ್ ಸರಿಯೇ, ಆದರೆ ನಡುವೆ ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಹೋಯಿತು. ವಾರಕ್ಕೊಂದು ಫುಲ್ ಬ್ಯಾಕಪ್ ಇರಲಿ. ಪೇಜ್‌ಮೇಕರ್ ತೆರೆದಿಟ್ಟೇ ಕಾಫಿಗೆ ಹೋಗುವವರು ನಾವು, ಹಾಗಾಗಿ ತೆರೆದಿರುವ ಫೈಲನ್ನೂ ನಕಲಿಸಲು ನೆರವಾಗುವ ‘ಶ್ಯಾಡೋ ಕಾಪಿ’ ಆನ್ ಮಾಡಿ. ಸೇವ್ ಮಾಡದ ತಿದ್ದುಪಡಿಯನ್ನು ಅದೂ ಉಳಿಸದು! ಬ್ಯಾಕಪ್ ಮುಗಿದ ಕೂಡಲೇ ಅದರ ಡಿಸ್ಕಿನ ಕೇಬಲ್ ಕಿತ್ತಿಡಿ. ತಿಂಗಳಿಗೊಮ್ಮೆ ಒಂದು ಪತ್ರಿಕೆಯನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಒತ್ತಕ್ಷರ ನೆಟ್ಟಗಿದೆಯೇ ನೋಡಿ.